ಹದಿನೆಂಟರ ಹೊಸ್ತಿಲು

ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಒಂದು ಸಣ್ಣ ಸಭೆ ಸೇರುವುದನ್ನು ನೀವೆಲ್ಲರೂ ಕಂಡಿರಬಹುದು. ಸೋದರಮಾವ ವಿಜ್ಞಾನವನ್ನೇ ಓದಿಸಬೇಕೆಂದು ಹಟ ಹಿಡಿಯುತ್ತಾನೆ. ದೊಡ್ಡಪ್ಪ ವಾಣಿಜ್ಯವೇ ಲೇಸೆಂದು ವಾದಿಸುತ್ತಾನೆ. ಮಗುವನ್ನು ದೂರದೂರಿಗೆ ಕಳುಹಿಸಬೇಡಿರೆಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ನೆರೆಮನೆಯವನು ತನ್ನ ಷಡ್ಡಕನ ಮಗ ಓದಿದ ಕಾಲೇಜಿನ ಗುಣಗಾನ ಮಾಡುತ್ತಾನೆ. ಈ ಗದ್ದಲದಲ್ಲಿ ಓದಬೇಕಾದ ಹುಡುಗನ ಮಾತು ಯಾರ ಕಿವಿಗೂ ಬೀಳದೆ ಹೋಗುವುದುಂಟು. ಆದರೂ ಆ ಗದ್ದಲಕ್ಕೆ ಒಂದು ಬೆಲೆಯಿದೆ. ನಿನ್ನ ನಾಳೆಯ ಬಗೆಗೆ ಚಿಂತಿಸುವವರು ಇಷ್ಟು ಜನ ಇದ್ದೇವೆ ಎಂಬ ಭರವಸೆಯನ್ನು ಅದು ಆ ಹುಡುಗನಿಗೆ ಹೇಳದೆಯೇ ಹೇಳುತ್ತದೆ.

ಇಂತಹ ಸಭೆ ಸೇರದಿರುವ ಮಕ್ಕಳೂ ನಮ್ಮ ನಡುವೆ ಇದ್ದಾರೆ. ತಂದೆತಾಯಿಗಳನ್ನು ಕಳೆದುಕೊಂಡವರು, ತಂದೆತಾಯಿಗಳಿದ್ದೂ ಅವರೊಡನೆ ಬಾಳಲಾಗದವರು, ಮಕ್ಕಳ ಮನೆಗಳಲ್ಲಿ ಬೆಳೆಯುತ್ತಿರುವವರು, ಸರ್ಕಾರದ ಒಪ್ಪಿಗೆಯಂತೆ ಬೇರೊಂದು ಕುಟುಂಬದ ಸಾಕುಮಕ್ಕಳಾಗಿ ಬದುಕುತ್ತಿರುವವರು. ಫಲಿತಾಂಶ ಬಂದ ಸಂಜೆ ಇವರ ಮುಂದೆಯೂ ಅದೇ ಪ್ರಶ್ನೆ ನಿಲ್ಲುತ್ತದೆ: ಮುಂದೇನು? ಅದಕ್ಕೆ ಉತ್ತರ ಹುಡುಕಲು ಇವರಿಗೆ ಯಾರು ನೆರವಾಗಬೇಕು, ಹೇಗೆ ನೆರವಾಗಬೇಕು ಎಂಬುದೇ ಈ ಲೇಖನದ ವಿಷಯ. ಸುಮಾರು ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಒಮ್ಮೆ ತಪ್ಪಿ, ಒಮ್ಮೆ ತಿದ್ದಿಕೊಂಡು ನಾನು ಕಂಡುಕೊಂಡ ಅಭಿಪ್ರಾಯವಿದು. ಆಯ್ಕೆ ಮಗುವಿನದಾಗಬೇಕು, ಸಿದ್ಧತೆಯ ಶ್ರಮದಲ್ಲಿ ಹಿರಿಯರು ಪಾಲುಗೊಳ್ಳಬೇಕು, ಹದಿನೆಂಟು ತುಂಬಿದ ಮೇಲೂ ಮನೆಯ ಬಾಗಿಲು ತೆರೆದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡರ ಪ್ರಯೋಜನ ಅರ್ಧವಾಗುತ್ತದೆ.

ಬಡ ವಿದ್ಯಾರ್ಥಿಗೆ ನೆರವಾಗುವುದು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನದ ಪದ್ಧತಿಯನ್ನು ನಿಮ್ಮ ಮುತ್ತಜ್ಜಂದಿರ ಕಾಲದವರು ಬಲ್ಲರು. ಊರಿಗೆ ಓದಲು ಬಂದ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ವಿದ್ಯೆ ಕಲಿಯುತ್ತಿದ್ದ. ತುಮಕೂರಿನ ಸಿದ್ಧಗಂಗಾ ಮಠದಂತಹ ಸಂಸ್ಥೆಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದಿವೆ. ಸಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಹುಟ್ಟಿದ ಮನೆಯನ್ನು ಬಿಟ್ಟು ದತ್ತುಪುತ್ರರಾಗಿ ದೇಸಾಯಿ ಮನೆತನಕ್ಕೆ ಬಂದವರು ಅವರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನೇ ನೋಡಿ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಪಡೆದು, ಮಕ್ಕಳಿಗೆ ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದರು, 1881ರಲ್ಲಿ ಬಿ.ಎ. ಪದವಿ ಪಡೆದರು. ಅಲ್ಲಿಗೇ ಅವರ ಓದು ನಿಂತುಬಿಡಬಹುದಾಗಿತ್ತು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಗೆ ಕಳುಹಿಸಿದ್ದರಿಂದ ಅವರು ಎಂಜಿನಿಯರಾದರು. ಅದರ ಫಲವನ್ನು ನಾಡು ಇಂದಿಗೂ ಉಣ್ಣುತ್ತಿದೆ. ಪ್ರತಿಭೆಗೆ ಒಂದು ಮನೆ, ಒಂದು ಕೈ, ಒಂದು ಸಕಾಲದ ನೆರವು ಸಿಕ್ಕರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅನ್ನ ಕೊಟ್ಟವರನ್ನು ನಾವು ಸ್ಮರಿಸುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಅನ್ನ ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ತಪ್ಪು. ಆ ತಪ್ಪನ್ನು ನಾನೇ ಮಾಡಿದ್ದೇನೆ.

ನಾನು ಅಧ್ಯಾಪಕನಾಗಿ ಸೇರಿದ ಆರಂಭದ ವರ್ಷಗಳ ಮಾತು. ಊರಿನ ಒಂದು ಅನಾಥಾಲಯದಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಗಳಿಸಿದ. ಗಣಿತದಲ್ಲಿ ಅವನಿಗೆ ಹೆಚ್ಚಿನ ಆಸಕ್ತಿ. ಅಂಕಪಟ್ಟಿಯನ್ನು ಹಿಡಿದು ನನ್ನ ಬಳಿ ಬಂದಾಗ ನಾನು ಅವನ ಬೆನ್ನು ತಟ್ಟಿ, "ನಿನಗೆ ಹಿಂದೆಮುಂದೆ ಯಾರೂ ಇಲ್ಲ. ಬೇಗ ಕೆಲಸ ಸಿಗುವ ಓದು ಓದು. ಕೈಗಾರಿಕಾ ತರಬೇತಿಗೆ ಸೇರಿಬಿಡು" ಎಂದೆ. ಅರ್ಜಿಯನ್ನೂ ನಾನೇ ತಂದುಕೊಟ್ಟೆ, ಶುಲ್ಕವನ್ನೂ ಕಟ್ಟಿದೆ. ದೊಡ್ಡ ಉಪಕಾರ ಮಾಡಿದೆನೆಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಅವನು ಸಿಕ್ಕಿದ. ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ, ಸಂಸಾರವಂದಿಗನಾಗಿದ್ದ. ಕಾಲಿಗೆ ನಮಸ್ಕರಿಸಿದ. ಊಟವಾದ ಮೇಲೆ ಕೈತೊಳೆಯುತ್ತ ನಿಂತಾಗ ಮೆಲ್ಲನೆ, "ಸರ್, ಆ ದಿನ ನಾನು ಗಣಿತ ಓದಿ ಮೇಷ್ಟ್ರಾಗಬೇಕು ಎಂದು ಹೇಳಲು ಬಂದಿದ್ದೆ. ನೀವು ನನ್ನನ್ನು ಏನೂ ಕೇಳಲಿಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಕೈಗಾರಿಕಾ ತರಬೇತಿ ಕೀಳಾದ ಓದೆಂದು ನಾನು ಹೇಳುತ್ತಿಲ್ಲ. ಅದನ್ನು ಮನಸಾರೆ ಆರಿಸಿಕೊಂಡು ಗೌರವದಿಂದ ಬಾಳುತ್ತಿರುವ ನನ್ನ ಶಿಷ್ಯರು ಬಹಳ ಮಂದಿ ಇದ್ದಾರೆ. ನನ್ನ ತಪ್ಪು ಬೇರೆ. ಅದೇ ತರಗತಿಯಲ್ಲಿ ಅಷ್ಟೇ ಅಂಕ ಗಳಿಸಿದ ವರ್ತಕರ ಮಗನನ್ನು, "ಏನು ಓದಬೇಕೆಂದಿದ್ದೀಯೆ?" ಎಂದು ಕೇಳಿದ್ದೆ. ಅನಾಥ ಹುಡುಗನಿಗೆ ಆ ಪ್ರಶ್ನೆಯನ್ನೇ ಕೇಳಲಿಲ್ಲ. ಅವನಿಗೆ ಇಷ್ಟಾನಿಷ್ಟಗಳಿರಬಹುದೆಂಬ ಯೋಚನೆಯೇ ನನಗೆ ಬರಲಿಲ್ಲ. ಕರುಣೆಯಲ್ಲಿ ಅಡಗಿರಬಹುದಾದ ಅನಾದರ ಇದು. ಉಣಲಿಕ್ಕುವ ಕೈ ಒಮ್ಮೊಮ್ಮೆ ಬಾಯನ್ನೂ ಮುಚ್ಚಿಬಿಡುತ್ತದೆ.

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, 2016ರಲ್ಲಿ, ಹದಿನಾಲ್ಕು ವರ್ಷದ ಬಾಲಕಿಯೊಬ್ಬಳು ನಮ್ಮ ಮನೆಗೆ ಸಾಕುಮಗಳಾಗಿ ಬಂದಳು. ಈ ಏರ್ಪಾಡನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯ. 2015ರ ಬಾಲನ್ಯಾಯ ಕಾಯಿದೆಯು ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವನ್ನು ಹೆತ್ತವರಲ್ಲದ ಒಂದು ಕುಟುಂಬದಲ್ಲಿ ಇರಿಸಿ ಬೆಳೆಸಲು ಅವಕಾಶ ಮಾಡಿಕೊಟ್ಟಿದೆ. ಮಕ್ಕಳ ಕಲ್ಯಾಣ ಸಮಿತಿಯು ಕುಟುಂಬವನ್ನು ಪರಿಶೀಲಿಸಿ ಆಜ್ಞೆ ನೀಡುತ್ತದೆ. ಇದು ದತ್ತುಸ್ವೀಕಾರವಲ್ಲ. ದತ್ತುಮಗುವಿಗೆ ಮನೆತನದ ಸಂಬಂಧವೂ ವಾರಸಿನ ಹಕ್ಕೂ ಬರುತ್ತವೆ. ಸಾಕುಮಗುವಿಗೆ ದೊರೆಯುವುದು ಒಂದು ಮನೆಯ ಆಸರೆ ಮತ್ತು ಆರೈಕೆ, ಅದೂ ಒಂದು ಅವಧಿಯವರೆಗೆ. ಹದಿನೆಂಟು ತುಂಬಿದ ದಿನ ಕಾಯಿದೆಯ ಕಣ್ಣಿನಲ್ಲಿ ಆ ಮಗು ಮಗುವಾಗಿ ಉಳಿಯುವುದಿಲ್ಲ. ಹದಿನೆಂಟೆಂದರೆ ಪದವಿಪೂರ್ವ ತರಗತಿ ಮುಗಿಸಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸು. ಇತರ ಮಕ್ಕಳಿಗೆ ಮನೆಯ ನೆರವು ಹೆಚ್ಚಾಗಿ ಬೇಕಾಗುವ ಹೊತ್ತಿನಲ್ಲಿಯೇ ಈ ಮಕ್ಕಳ ಕಾಲ ಕೆಳಗಿನ ಹಲಗೆ ಸರಿಯುತ್ತದೆ.

ಆ ಬಾಲಕಿ ಮಿತಭಾಷಿಣಿ. ಕೊಟ್ಟದ್ದನ್ನು ಉಣ್ಣುವಳು, ಹೇಳಿದ್ದನ್ನು ಮಾಡುವಳು, ಏನನ್ನೂ ಕೇಳಳು. ನಾವು ಅದನ್ನು ಒಳ್ಳೆಯ ನಡತೆ ಎಂದುಕೊಂಡೆವು. 2018ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ವಾರ ನಾನು, ನನ್ನ ಪತ್ನಿ ಅವಳನ್ನು ಕೂಡಿಸಿಕೊಂಡು ಕಾಲೇಜಿನ ಮಾತು ತೆಗೆದೆವು. ಹಳೆಯ ತಪ್ಪು ನೆನಪಿದ್ದುದರಿಂದ ಈ ಬಾರಿ ಮೊದಲು ಕೇಳಿದೆ: "ನಿನಗೆ ಏನು ಓದಬೇಕೆಂದಿದೆ?" ಅವಳು, "ಯಾವುದಾದರೂ ಸರಿ. ಬೇಗ ಮುಗಿಯುವುದು" ಎಂದಳು. ಮರುದಿನ ಕೇಳಿದಾಗಲೂ ಅದೇ ಉತ್ತರ. ಅವಳು ಕನ್ನಡ ಸಾಹಿತ್ಯ ಓದಲಿ ಎಂಬ ಆಸೆ ನನಗಿತ್ತು. ವಿಜ್ಞಾನ ಓದಲಿ ಎಂಬುದು ನನ್ನ ಪತ್ನಿಯ ಇಚ್ಛೆ. ಇಬ್ಬರೂ ನಾಲಗೆ ಬಿಗಿಹಿಡಿದು ಕುಳಿತೆವು. ಕೇಳಿದ ಕೂಡಲೇ ಉತ್ತರ ಬರಬೇಕೆಂದು ಬಯಸುವುದೂ ಒಂದು ಬಗೆಯ ಅವಸರವೆಂದು ಆಗ ತಿಳಿಯಿತು. ಎಷ್ಟೋ ವರ್ಷ ಯಾರೂ ಏನನ್ನೂ ಕೇಳದ ಮಗುವಿಗೆ ತನ್ನ ಇಷ್ಟವೇನೆಂಬುದನ್ನು ತಾನೇ ಅರಿಯಲು ಸಮಯ ಬೇಕು.

ನಾಲ್ಕನೆಯ ದಿನವೋ ಐದನೆಯ ದಿನವೋ ನಾನು ಒಂದು ಹಾಳೆಯಲ್ಲಿ ಖರ್ಚಿನ ಪಟ್ಟಿ ಬರೆಯುತ್ತಿದ್ದೆ. ಪ್ರವೇಶ ಶುಲ್ಕ, ಪುಸ್ತಕ, ಸಮವಸ್ತ್ರ, ಬಸ್ಸಿನ ಪಾಸು. ಅವಳು ಒಳಗೆ ಹೋಗಿ ಒಂದು ನೋಟುಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಳು. ತೆರೆದು ನೋಡಿದರೆ, ಅವಳು ನಮ್ಮ ಮನೆಗೆ ಬಂದ ದಿನದಿಂದ ಅವಳಿಗಾಗಿ ನಾವು ಮಾಡಿದ ಖರ್ಚೆಲ್ಲ ತಾರೀಖಿನ ಸಮೇತ ಅದರಲ್ಲಿತ್ತು. ಕನ್ನಡಕ, ಚಪ್ಪಲಿ, ಜ್ವರ ಬಂದಾಗಿನ ಔಷಧಿ, ಜಾತ್ರೆಯಲ್ಲಿ ಕೊಡಿಸಿದ ಬಳೆ. ಪ್ರತಿ ಪುಟದ ಕೆಳಗೆ ಮೊತ್ತ. ಆ ಮೊತ್ತ ಮುಂದಿನ ಪುಟದ ತಲೆಗೆ. "ಇದನ್ನು ಮೊದಲು ತೀರಿಸಬೇಕಲ್ಲ. ಅದಕ್ಕೇ ಬೇಗ ಮುಗಿಯುವುದು ಎಂದೆ" ಎಂದಳು.

ನನಗೆ ಮಾತು ಹೊರಡಲಿಲ್ಲ. ನನ್ನ ಪತ್ನಿ ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಒಂದೊಂದು ಪುಟವನ್ನೂ ಕೂಡಿಸುತ್ತ ಹೋದಳು. ಕೊನೆಯ ಪುಟ ಮುಗಿಸಿ, "ಎಲ್ಲಿಯೂ ತಪ್ಪಿಲ್ಲ. ಆದರೆ ಇದು ಅರ್ಧ ಲೆಕ್ಕ. ನನಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದಾಗ ಒಂದು ತಿಂಗಳು ಪತ್ರಿಕೆ ಓದಿ ಹೇಳಿದವರು ಯಾರು? ಹಿತ್ತಲಿನ ಬಾಳೆಗೆ ನೀರು ಹಾಕಿದವರು ಯಾರು? ಮೇಷ್ಟ್ರ ರಕ್ತದೊತ್ತಡದ ಮಾತ್ರೆಯನ್ನು ದಿನಾ ನೆನಪು ಮಾಡುವವರು ಯಾರು? ಆ ಬದಿಯನ್ನೂ ಬರೆ. ಆಮೇಲೆ ಬಾಕಿ ಯಾರದು ನೋಡೋಣ" ಎಂದಳು. ಹುಡುಗಿ ತಲೆ ತಗ್ಗಿಸಿ ನಕ್ಕಳು, ಮತ್ತೆ ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಪತ್ನಿಯೇ, "ಇಷ್ಟು ಚೊಕ್ಕವಾಗಿ ಲೆಕ್ಕ ಇಡುವವಳಿಗೆ ಲೆಕ್ಕಪತ್ರವನ್ನೇ ಓದುವ ಮನಸ್ಸಿದೆಯೇ?" ಎಂದು ಕೇಳಿದಳು. ಎರಡು ದಿನ ಯೋಚಿಸಿ ಅವಳು, "ವಾಣಿಜ್ಯ ಓದುತ್ತೇನೆ. ಪಿಯುಸಿ ಆದ ಮೇಲೆ ಬಿ.ಕಾಂ. ಕೂಡ" ಎಂದಳು. ಅದು ಅವಳ ಮಾತಾಗಿತ್ತು. ನನ್ನ ಸಾಹಿತ್ಯವೂ ನನ್ನ ಪತ್ನಿಯ ವಿಜ್ಞಾನವೂ ಮೂಲೆಗೆ ಸರಿದವು.

ಪರರ ಮನೆಯಲ್ಲಿ ಬೆಳೆಯುವ ಮಗುವಿನ ಮನಸ್ಸಿನ ಮೇಲೆ ಋಣದ ಭಾರ ಎಷ್ಟಿರುತ್ತದೆ ಎಂಬುದನ್ನು ಆ ಪುಸ್ತಕದಿಂದ ನಾನು ಕಲಿತೆ. "ಬೇಗ ಕೆಲಸ ಸಿಗುವ ಓದು ಸಾಕು" ಎಂದು ಇಂತಹ ಮಕ್ಕಳು ಹೇಳಿದಾಗ ಅದನ್ನು ವಿವೇಕವೆಂದು ಹೊಗಳುವ ಮೊದಲು, ಅದು ಇಷ್ಟವೋ ಸಂಕೋಚವೋ ಎಂಬುದನ್ನು ಹಿರಿಯರು ವಿಚಾರಿಸಬೇಕು. ಇಷ್ಟವಾದರೆ ಹರಸಬೇಕು. ಸಂಕೋಚವಾದರೆ ಅದನ್ನು ಬಿಡಿಸುವುದೇ ಮೊದಲ ಕೆಲಸ.

ಆಯ್ಕೆಯಾದ ಮೇಲೆ ಬರುವುದು ಸಿದ್ಧತೆ. ಮನಸ್ಸಿನಲ್ಲಿ ಎಷ್ಟು ಪ್ರೀತಿ ಇದ್ದರೂ ಕಚೇರಿಯ ಕಿಟಕಿಯಲ್ಲಿ ಕೇಳುವುದು ಕಾಗದವನ್ನೇ. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿಯ ಮತ್ತು ಆದಾಯದ ಪ್ರಮಾಣಪತ್ರ ಬೇಕು. ಬ್ಯಾಂಕಿನ ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿರಬೇಕು. ಆಧಾರ್ ಚೀಟಿಯಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಅಕ್ಷರದ ವ್ಯತ್ಯಾಸವಿರಬಾರದು. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ನಾಲ್ಕು ಊರು, ನಾಲ್ಕು ಶಾಲೆ ಕಂಡ ಮಗುವಿನ ಬದುಕು ನಾಲ್ಕು ಕಡೆ ಹರಡಿರುತ್ತದೆ. ಕೊನೆಯ ದಿನದವರೆಗೆ ಕಾಯ್ದು ಕುಳಿತರೆ ಕೈಗೆ ಬಂದ ಸ್ಥಾನ ಕಾಗದದ ಕಾರಣದಿಂದ ತಪ್ಪಿಹೋದೀತು. ಆದ್ದರಿಂದ ಹತ್ತನೆಯ ತರಗತಿ ಆರಂಭವಾದ ದಿನದಿಂದಲೇ ಒಂದೊಂದಾಗಿ ಕಾಗದಗಳನ್ನು ಕೂಡಿಸಿ, ಪ್ರತಿಗಳನ್ನು ಮಾಡಿಸಿ, ಒಂದು ಕಡತದಲ್ಲಿ ಇಡಬೇಕು. ಆ ಕಡತ ಹಿರಿಯರ ಬೀರುವಿನಲ್ಲಲ್ಲ, ಮಗುವಿನ ಕೈಯಲ್ಲಿರಬೇಕು.

ನಾವು ಹಾಗೆ ಮೊದಲೇ ಎಚ್ಚರ ವಹಿಸಿರಲಿಲ್ಲ. ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋದಾಗ ಮೊದಲ ಶಾಲೆಯ ದಾಖಲೆ ತನ್ನಿರಿ ಎಂದರು. ಅವಳು ಒಂದನೆಯ ತರಗತಿಗೆ ಸೇರಿದ ಊರು ನಮ್ಮಲ್ಲಿಂದ ಅರ್ಧ ದಿನದ ಹಾದಿ. ಬೆಳಗಿನ ಬಸ್ಸು ಹಿಡಿದು ಹೋದೆವು. ಎರಡು ಕೋಣೆಯ ಶಾಲೆ, ಮುಂದೆ ಒಂದು ಹೊಂಗೆಯ ಮರ. ಮುಖ್ಯೋಪಾಧ್ಯಾಯಿನಿ ಸಮಾಧಾನದಿಂದ ನಮ್ಮ ಮಾತು ಕೇಳಿ, ಬೀರುವಿನಿಂದ ಹಳೆಯ ಅರ್ಜಿಗಳ ಕಟ್ಟನ್ನು ತೆಗೆದು, ಧೂಳು ಕೊಡವಿ ಹುಡುಕಿದರು. ಅವಳ ಪ್ರವೇಶದ ಅರ್ಜಿ ಸಿಕ್ಕಿತು. ಅದರ ಕೆಳಗೆ ಪೋಷಕರ ಸಹಿಯ ಜಾಗದಲ್ಲಿ ನೀಲಿ ಶಾಯಿಯ ಒಂದು ಹೆಬ್ಬೆಟ್ಟಿನ ಗುರುತು. ಪಕ್ಕದಲ್ಲಿ ಅವಳ ತಾಯಿಯ ಹೆಸರು. ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. ಮುಖ್ಯೋಪಾಧ್ಯಾಯಿನಿ ಏನನ್ನೂ ಕೇಳದೆ ಅದರ ಎರಡು ಪ್ರತಿಗಳನ್ನು ಮಾಡಿಸಿಕೊಟ್ಟರು. ಒಂದು ಕಚೇರಿಗೆ, ಒಂದು ಅವಳಿಗೆ. ಮರಳಿ ಬರುವಾಗ ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ, "ಅಮ್ಮನೇ ನನ್ನನ್ನು ಶಾಲೆಗೆ ಸೇರಿಸಿದ್ದು ಎಂಬುದು ನನಗೆ ನೆನಪೇ ಇರಲಿಲ್ಲ" ಎಂದಳು. ಓದು ಬಾರದ ಆ ತಾಯಿ ಮಗಳನ್ನು ಓದಿಗೆ ಹಚ್ಚಿದ್ದಳು. ನಾವು ಮಾಡುತ್ತಿದ್ದುದು ಅವಳು ಆರಂಭಿಸಿದ ಕೆಲಸದ ಮುಂದುವರಿಕೆ, ಅಷ್ಟೆ. ಸಾಕುವವರು ಇದನ್ನು ಮರೆಯಬಾರದು. ಮಗುವಿನ ಹಿಂದಿನ ಬದುಕನ್ನು ಅಳಿಸಿ ಹೊಸದನ್ನು ಬರೆಯುವ ಅಧಿಕಾರ ನಮಗಿಲ್ಲ.

ಕಾಲೇಜನ್ನು ಆರಿಸುವಾಗ ಹೆಸರಿಗೆ ಮರುಳಾಗದೆ ಹೋಗಿ ನೋಡಬೇಕು. ನಾವು ಮೂರು ಕಾಲೇಜುಗಳಿಗೆ ಹೋದೆವು. ಮನೆಯಿಂದ ಎಷ್ಟು ದೂರ, ಸಂಜೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ, ಗ್ರಂಥಾಲಯ ತೆರೆದಿರುತ್ತದೆಯೇ, ಕನ್ನಡ ಮಾಧ್ಯಮದಿಂದ ಬಂದವರು ಕೇಳಿದರೆ ಅಧ್ಯಾಪಕರು ಇನ್ನೊಮ್ಮೆ ವಿವರಿಸುತ್ತಾರೆಯೇ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ ಎಂಬ ಪ್ರಶ್ನೆಗಳನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಿದ್ದೆವು. ಕೇಳಿದವಳು ಅವಳು, ನಾನು ಹಿಂದೆ ನಿಂತಿದ್ದೆ. ಮೊದಲ ಕಾಲೇಜಿನಲ್ಲಿ ಅವಳ ದನಿ ಕೇಳಿಸಲೇ ಇಲ್ಲ. ಮೂರನೆಯದರಲ್ಲಿ ಗುಮಾಸ್ತರು ತಲೆಯೆತ್ತಿ ಉತ್ತರ ಕೊಟ್ಟರು.

ಆ ಕಾಲೇಜುಗಳಲ್ಲೊಂದರ ಹೆಸರು ಹೇಳದೆ ಒಂದು ಪ್ರಸಂಗವನ್ನು ಹೇಳುತ್ತೇನೆ. ಅರ್ಜಿಯ ನಮೂನೆಯಲ್ಲಿ 'ತಂದೆಯ ಹೆಸರು, ಉದ್ಯೋಗ' ಎಂಬ ಅಂಕಣ ಖಾಲಿ ಇದ್ದುದನ್ನು ಕಂಡ ಸಿಬ್ಬಂದಿಯೊಬ್ಬರು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಅಪ್ಪ ಇಲ್ಲವೇ? ಹಾಗಾದರೆ ಇವರು ನಿನಗೆ ಏನಾಗಬೇಕು?" ಎಂದರು. ನನಗೆ ಮಹಾಭಾರತದ ಒಂದು ಸಂದರ್ಭ ನೆನಪಾಯಿತು. ಅಸ್ತ್ರವಿದ್ಯೆಯ ಪ್ರದರ್ಶನದ ದಿನ ರಂಗಕ್ಕಿಳಿದ ಕರ್ಣನನ್ನು ಕೃಪಾಚಾರ್ಯರು ಕೇಳಿದ್ದು ಅವನ ವಿದ್ಯೆಯನ್ನಲ್ಲ, ಕುಲವನ್ನು. ಸಾಕುತಾಯಿ ರಾಧೆಯ ಹೆಸರಿನಿಂದ ರಾಧೇಯನೆಂದು ಲೋಕ ಕರೆದ ಆ ವೀರ ಅಂದು ತಲೆ ತಗ್ಗಿಸಿ ನಿಂತ. ನಮ್ಮ ಹುಡುಗಿ ತಲೆ ತಗ್ಗಿಸಲಿಲ್ಲ. "ಇವರು ನನ್ನ ಪೋಷಕರು. ಮಕ್ಕಳ ಕಲ್ಯಾಣ ಸಮಿತಿಯ ಆಜ್ಞೆಯ ಪ್ರತಿ ಇಲ್ಲಿದೆ" ಎಂದು ಕಡತದಿಂದ ತೆಗೆದು ಕೊಟ್ಟಳು. ಏಕೆಂದರೆ ಯಾರು ಏನು ಕೇಳಿದರೆ ಎಷ್ಟು ಹೇಳಬೇಕು, ಎಷ್ಟು ಹೇಳಬೇಕಾಗಿಲ್ಲ ಎಂಬುದನ್ನು ನಾವು ಹಿಂದಿನ ರಾತ್ರಿ ಮಾತಾಡಿಕೊಂಡಿದ್ದೆವು. ತನ್ನ ಕಥೆ ತನ್ನ ಸೊತ್ತು. ಅದನ್ನು ಕಚೇರಿಗೆ ಬೇಕಾದಷ್ಟು ಮಾತ್ರ ಹೇಳಿ, ಉಳಿದದ್ದನ್ನು ತಾನು ನಂಬಿದವರಿಗೆ ಮಾತ್ರ ಹೇಳುವ ಹಕ್ಕು ಪ್ರತಿಯೊಂದು ಮಗುವಿಗೂ ಇದೆ.

ಬೇಸಿಗೆಯ ರಜೆಯಲ್ಲಿ ಇನ್ನಷ್ಟು ಕೆಲಸವಾಯಿತು. ಸೇರಲಿದ್ದ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ. ಡೆಬಿಟ್, ಕ್ರೆಡಿಟ್, ಲೆಡ್ಜರ್, ಬ್ಯಾಲೆನ್ಸ್ ಷೀಟ್ ಎಂಬಂತಹ ಪದಗಳನ್ನು ದಿನಕ್ಕೆ ಹತ್ತರಂತೆ ಬರೆದು, ಎದುರಿಗೆ ಕನ್ನಡದ ಅರ್ಥ ಬರೆದು ಕಲಿತಳು. ಬ್ಯಾಂಕಿಗೆ ಹೋಗಿ ಚೀಟಿ ತುಂಬುವುದು, ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುವುದು, ತಿಂಗಳ ಹಣವನ್ನು ವಾರಕ್ಕೆ ಹಂಚಿಕೊಳ್ಳುವುದು, ಜ್ವರ ಬಂದರೆ ಯಾವ ವೈದ್ಯರ ಬಳಿ ಹೋಗಬೇಕೆಂದು ತಿಳಿದಿರುವುದು, ಅನ್ನ ಸಾರು ಮಾಡಿಕೊಳ್ಳುವುದು ಇವೂ ಕಾಲೇಜಿನ ಸಿದ್ಧತೆಗಳೇ. ಹೆತ್ತವರೊಡನೆ ಇರುವ ಮಕ್ಕಳು ಇವನ್ನು ತಪ್ಪು ಮಾಡುತ್ತ ನಿಧಾನವಾಗಿ ಕಲಿಯುತ್ತಾರೆ. ಹದಿನೆಂಟಕ್ಕೆ ಒಂಟಿಯಾಗಬಹುದಾದ ಮಗುವಿಗೆ ತಪ್ಪು ಮಾಡಲು ಅಷ್ಟು ಬಿಡುವಿರುವುದಿಲ್ಲ.

ಇನ್ನು ಮೂರನೆಯ ಮಾತು. 2020ರಲ್ಲಿ ಅವಳಿಗೆ ಹದಿನೆಂಟು ತುಂಬಿತು. ಮಹಾಮಾರಿಯ ದೆಸೆಯಿಂದ ಮುಂದೂಡಿದ್ದ ದ್ವಿತೀಯ ಪಿಯುಸಿಯ ಇಂಗ್ಲಿಷ್ ಪರೀಕ್ಷೆಯನ್ನು ಆ ವರ್ಷದ ಜೂನ್ 18ರಂದು ಮುಖಗವಸು ಧರಿಸಿ ಬರೆದು ಬಂದಳು. ಅದೇ ವರ್ಷ ಸಾಕುಪಾಲನೆಯ ಆಜ್ಞೆಯ ಅವಧಿಯೂ ಮುಗಿಯಿತು. ನಗರದ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿ, ಕಾಲೇಜು ತೆರೆದ ಮೇಲೆ ವಿದ್ಯಾರ್ಥಿನಿಲಯಕ್ಕೆ ಹೋದಳು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಮತ್ತೆ ಸ್ತಬ್ಧವಾದಾಗ ವಿದ್ಯಾರ್ಥಿನಿಲಯ ಮುಚ್ಚಿತು. ಎಲ್ಲರೂ ತಮ್ಮ ತಮ್ಮ ಊರಿಗೆ ಹೊರಟರು. ಅವಳು ದೂರವಾಣಿಯಲ್ಲಿ, "ನಾನು ಬರಬಹುದೇ?" ಎಂದು ಕೇಳಿದಳು. ನಾಲ್ಕೂವರೆ ವರ್ಷ ನಮ್ಮ ಮನೆಯಲ್ಲಿ ಇದ್ದವಳು ಹಾಗೆ ಕೇಳಬೇಕಾಯಿತಲ್ಲ ಎಂದು ನಮಗೆ ನಾಚಿಕೆಯಾಯಿತು. ಹದಿನೆಂಟು ತುಂಬಿದ ದಿನವೇ ನಾವು ಬಾಯಿ ಬಿಟ್ಟು ಹೇಳಬೇಕಾಗಿದ್ದ ಮಾತನ್ನು ಹೇಳಿರಲಿಲ್ಲ. ನಾವು ಹೇಳದೆಯೇ ಅವಳಿಗೆ ತಿಳಿದೀತು ಎಂದುಕೊಂಡಿದ್ದೆವು. ಹಲವು ಮನೆಗಳಿಂದ ಹೊರಟುಬಂದ ಮಗುವಿಗೆ ಹೇಳದೆ ಯಾವುದೂ ತಿಳಿಯುವುದಿಲ್ಲ. ಅವಳು ಪೆಟ್ಟಿಗೆ ಹಿಡಿದು ಬಂದಾಗ ನನ್ನ ಪತ್ನಿ ಮನೆಯ ಬೀಗದ ಕೈಯ ಇನ್ನೊಂದು ಜೊತೆಯನ್ನು ಅವಳ ಕೈಗೆ ಕೊಟ್ಟಳು.

ಸಂಸ್ಥೆಗಳಲ್ಲಿ ಬೆಳೆದು ಹದಿನೆಂಟಕ್ಕೆ ಹೊರಬರುವವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23 ವರ್ಷದವರೆಗೆ ನೆರವು ನೀಡಲು ಅವಕಾಶವಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಇಂತಹ ನೆರವನ್ನು ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಪಡಿಸಿತು. ಇದು ಸ್ವಾಗತಾರ್ಹವಾದ ಕ್ರಮ. ಇದರ ವಿವರವನ್ನು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ತಿಳಿಯುವುದು ಪ್ರತಿಯೊಬ್ಬ ಪೋಷಕನ, ಪ್ರತಿಯೊಬ್ಬ ಅಧ್ಯಾಪಕನ ಕರ್ತವ್ಯ. ಆದರೆ ದೀಪಾವಳಿಯ ರಜೆಯಲ್ಲಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಯಾವ ಮಾರ್ಗಸೂಚಿಯೂ ಉತ್ತರ ಕೊಡಲಾರದು. ಅದಕ್ಕೆ ಒಂದು ಮನೆಯೇ ಬೇಕು.

"ದಿಕ್ಕಿಲ್ಲದ ಮಗುವಿಗೆ ಮೊದಲು ಹೊಟ್ಟೆಪಾಡು, ಕಾಲೇಜೆಂಬುದು ಆಮೇಲಿನ ಮಾತು" ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ; ಒಂದು ಕಾಲಕ್ಕೆ ಅದು ನನ್ನದೇ ಮಾತಾಗಿತ್ತು. ಹೊಟ್ಟೆಪಾಡು ದೊಡ್ಡದೇ. ಆದರೆ ಹಿಂದೆ ಆಸ್ತಿಯಿಲ್ಲದ, ಬಂಧುಗಳಿಲ್ಲದ ಮಗುವಿಗೆ ಜೀವನವಿಡೀ ಜೊತೆಗಿರಬಹುದಾದ ಸಂಪತ್ತು ವಿದ್ಯೆಯೊಂದೇ. ಉಳ್ಳವರ ಮಗ ಕಾಲೇಜು ಬಿಟ್ಟರೂ ಅಂಗಡಿಯಲ್ಲಿ ಕುಳಿತಾನು. ಇಲ್ಲದವರ ಮಗುವಿಗೆ ಬೇರೆ ಅಂಗಡಿಯಿಲ್ಲ. ಹಾಗಿರುವಾಗ ಕಡಿಮೆ ಓದು ಸಾಕೆಂದು ಅವರಿಗೇ ಹೇಳುವುದು ನ್ಯಾಯವೇ?

ವಿದ್ಯಾರ್ಥಿಗಳೇ, ಈ ಲೇಖನ ಹಿರಿಯರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಡಿ. ನಿಮ್ಮ ತರಗತಿಯಲ್ಲಿಯೂ ಅಂತಹ ಗೆಳೆಯನೋ ಗೆಳತಿಯೋ ಇರಬಹುದು. ನೀವು ಕಾಲೇಜು ನೋಡಲು ಹೋಗುವಾಗ ಅವರನ್ನೂ ಕರೆಯಿರಿ. ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಹೇಳದ ಕಥೆಯನ್ನು ಕೆದಕಬೇಡಿ. ಅವರ ಸ್ಥಿತಿಯಲ್ಲಿರುವವರೇ ನೀವಾಗಿದ್ದರೆ, ಕೇಳಲು ಸಂಕೋಚಪಡಬೇಡಿ. ನೀವು ನಂಬುವ ಒಬ್ಬ ಅಧ್ಯಾಪಕರ ಬಳಿಗೆ ಹೋಗಿ ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿರಿ. ಆ ಅಧ್ಯಾಪಕರು ನನ್ನಂತೆ ಅವಸರದವರಾದರೆ, "ಸರ್, ನಾನು ಒಂದು ಮಾತು ಹೇಳಬೇಕು" ಎಂದು ತಡೆದು ನಿಲ್ಲಿಸಿರಿ.

ನಮ್ಮ ಹುಡುಗಿ 2023ರಲ್ಲಿ ಪದವಿ ಮುಗಿಸಿ ನಗರದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಸಂಬಳ ಬಂದ ಮೇಲೆ ಹಳೆಯ ಲೆಕ್ಕ ತೀರಿಸಿದಳೇ ಎಂದು ಕೆಲವರು ನಗೆಯಾಡಿ ಕೇಳುತ್ತಾರೆ. ತೀರಿಸಲಿಲ್ಲ, ನಾವು ಅದನ್ನು ಬಯಸಿಯೂ ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಅವಳಿಂದ ಕರೆ ಬಂತು. ತಾನು ಹಿಂದೆ ಇದ್ದ ಮಕ್ಕಳ ಮನೆಗೆ ಹೋಗಿದ್ದಳಂತೆ. ಹತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು ಮುಂದೇನು ಓದಬೇಕೆಂದು ತಿಳಿಯದೆ ಕುಳಿತಿದ್ದಳಂತೆ. "ನೀನು ಏನು ಹೇಳಿದೆ?" ಎಂದು ಕೇಳಿದೆ.

"ನಾನು ಏನೂ ಹೇಳಲಿಲ್ಲ. ನಿನಗೆ ಏನು ಇಷ್ಟ ಎಂದು ಕೇಳಿದೆ. ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ" ಎಂದಳು.